ಟೊಮೆಟೊ ಕುಂಡಗಳಿಗೆ ಆರ್‌ಒ ನೀರೇ ಬೇಕೇ, ನಲ್ಲಿಯ ನೀರು ಸಾಲದೇ?

ಪ್ರಶ್ನೆ: ವಾಘೋಲಿ ಬಾಲ್ಕನಿ (ಪುಣೆ)

ಎಲ್ಲರಿಗೂ ನಮಸ್ಕಾರ. ಪುಣೆಯ ವಾಘೋಲಿಯಲ್ಲಿ ಏಳನೆಯ ಮಹಡಿಯ ಮನೆ ನಮ್ಮದು. ಪೂರ್ವದ ಬಾಲ್ಕನಿಗೆ ಬೆಳಗಿನಿಂದ ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಸಿಲು ಬೀಳುವುದರಿಂದ, 20 ಲೀಟರಿನ ಖಾಲಿ ಪೇಂಟ್ ಡಬ್ಬಿಗಳ ತಳಕ್ಕೆ ತೂತು ಕೊರೆದು ನಾಲ್ಕು ಟೊಮೆಟೊ ಗಿಡಗಳನ್ನು ಬೆಳೆಸುತ್ತಿದ್ದೇನೆ. ತಳಿ ಅರ್ಕಾ ರಕ್ಷಕ್; ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಈ ಬೀಜವನ್ನು ನನ್ನ ತಮ್ಮ ಬೆಂಗಳೂರಿನಿಂದ ತಂದುಕೊಟ್ಟಿದ್ದ. ಗಣಪತಿ ಹಬ್ಬ ಮುಗಿದ ವಾರದಲ್ಲಿ ಬೀಜ ಹಾಕಿದೆ, ಡಿಸೆಂಬರಿನಲ್ಲಿ ಕಾಯಿ ಕಚ್ಚಿದವು. ಡಬ್ಬಿಯಲ್ಲಿ ಅರ್ಧದಷ್ಟು ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಇದೆ. ಉಳಿದರ್ಧದಲ್ಲಿ ನರ್ಸರಿಯ ಕೆಂಪು ಮಣ್ಣು ಮತ್ತು ಎರೆಗೊಬ್ಬರ.

ಮೊದಲಿನಿಂದಲೂ ಎರಡು ಗಿಡಗಳಿಗೆ ಅಡುಗೆಮನೆಯ ಆರ್‌ಒ ಯಂತ್ರದ (ನೀರಿನ ಲವಣ ತೆಗೆಯುವ ಫಿಲ್ಟರಿನ) ಕುಡಿಯುವ ನೀರನ್ನೂ, ಇನ್ನೆರಡಕ್ಕೆ ನಲ್ಲಿಯ ನೀರನ್ನೂ ಹಾಕುತ್ತಾ ಬಂದಿದ್ದೇನೆ. ಪ್ರಯೋಗ ಮಾಡಬೇಕೆಂದು ಹೀಗೆ ಮಾಡಿದ್ದಲ್ಲ. ಎರಡು ಡಬ್ಬಿಗಳು ಅಡುಗೆಮನೆಯ ಬಾಗಿಲಿಗೆ ಹತ್ತಿರ, ಎರಡು ಬಟ್ಟೆ ಒಗೆಯುವ ಜಾಗಕ್ಕೆ ಹತ್ತಿರ, ಅಷ್ಟೇ. ಈಗ ನೋಡಿದರೆ ಆರ್‌ಒ ನೀರು ಕುಡಿದ ಗಿಡಗಳಲ್ಲಿ ಕೆಳಗಿನ ಹಳೆಯ ಎಲೆಗಳು ನರಗಳ ನಡುವೆ ಹಳದಿಯಾಗಿವೆ ಮತ್ತು ಐದಾರು ಕಾಯಿಗಳ ತಳದಲ್ಲಿ ಕಪ್ಪಾದ, ಒಳಕ್ಕೆ ಕುಸಿದ, ಚರ್ಮದಂತೆ ಒಣಗಿದ ಕಲೆ ಕಾಣಿಸಿಕೊಂಡಿದೆ. ನಲ್ಲಿಯ ನೀರಿನ ಗಿಡಗಳದು ಬೇರೆಯೇ ಕಥೆ: ಎಲೆಯ ಅಂಚುಗಳು ಸುಟ್ಟಂತೆ ಕಂದಾಗಿವೆ, ಕಾಯಿಗಳು ಚಿಕ್ಕವು, ಒಂದೆರಡರ ತಳವೂ ಕಪ್ಪಾಗಿದೆ, ಮತ್ತು ನೀರು ಹಾಕಿದರೆ ಮಣ್ಣಿನ ಮೇಲೆಯೇ ಬಹಳ ಹೊತ್ತು ನಿಂತಿರುತ್ತದೆ.

ನಮ್ಮ ಸೊಸೈಟಿಗೆ ಬೋರ್‌ವೆಲ್ ಮತ್ತು ಟ್ಯಾಂಕರ್ ನೀರೇ ಗತಿ. ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಲವಣ) ಮೀಟರಿನಲ್ಲಿ ನಲ್ಲಿಯ ನೀರು ಲೀಟರಿಗೆ 720 ಮಿಲಿಗ್ರಾಂ ತೋರಿಸುತ್ತದೆ, ಆರ್‌ಒ ನೀರು 45. ಆದರೆ ನೀರು ಗಡಸೆಂದು ಹೇಳಲಾರೆ, ಏಕೆಂದರೆ ಸೋಪು ಚೆನ್ನಾಗಿ ನೊರೆ ಬರುತ್ತದೆ, ನಲ್ಲಿಯ ನೀರಿನಲ್ಲಿಯೇ ತೊಗರಿಬೇಳೆ ಮೂರು ಸೀಟಿಗೆ ಬೆಣ್ಣೆಯಂತೆ ಬೇಯುತ್ತದೆ, ಬಕೆಟ್ಟಿಗೆ ಬಿಳಿ ಪದರ ಕಟ್ಟುವುದಿಲ್ಲ. ಹಾಗಾದರೆ ಎಲೆ ಸುಡುತ್ತಿರುವುದು ಕ್ಲೋರಿನ್‌ನಿಂದಲೇ? ನಾಲ್ಕೂ ಗಿಡಗಳಿಗೆ ಆರ್‌ಒ ನೀರನ್ನೇ ಹಾಕೋಣವೆಂದರೆ ನಮ್ಮ ಮನೆಯವರ ಆಕ್ಷೇಪವಿದೆ: ಟ್ಯಾಂಕರ್ ತರಿಸುವ ಊರಿನಲ್ಲಿ ಒಂದು ಲೀಟರ್ ಫಿಲ್ಟರ್ ನೀರಿಗಾಗಿ ಮೂರು ಲೀಟರ್ ಮೋರಿಗೆ ಬಿಟ್ಟು ಟೊಮೆಟೊ ತಿನ್ನಬೇಕೇ ಎಂದು ಅವರು ಕೇಳುತ್ತಾರೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಮುಲುಂಡ್ ಮಾಳಿಗೆ (ಮುಂಬಯಿ)

ಅಕ್ಕಾ, ನಿಮ್ಮ ಮನೆಯವರ ಮಾತಿಗೆ ನನ್ನದೊಂದು ಮತ. ನಾನು ಹದಿನಾಲ್ಕು ವರ್ಷಗಳಿಂದ ಮುಲುಂಡಿನಲ್ಲಿ ಕಿಟಕಿಯ ಗ್ರಿಲ್ಲಿನಲ್ಲಿಯೇ ಟೊಮೆಟೊ, ಬಸಳೆ, ಹರಿವೆ ಬೆಳೆಯುತ್ತಿದ್ದೇನೆ. ಒಂದು ಚೊಂಬು ಫಿಲ್ಟರ್ ನೀರನ್ನೂ ಗಿಡಕ್ಕೆ ಹಾಕಿದವನಲ್ಲ. ನಮಗೆ ಬರುವುದು ಭಾತ್ಸಾ, ತಾನ್ಸಾ, ವೈತರಣಾ ಜಲಾಶಯಗಳ ಮಳೆನೀರು. ನನ್ನ ಮೀಟರಿನಲ್ಲಿ ಅದು ಎಂದೂ 100 ದಾಟಿದ್ದಿಲ್ಲ. ಇಂತಹ ನೀರಿಗೆ ಆರ್‌ಒ ಯಂತ್ರವನ್ನು ಕೂರಿಸಿಕೊಳ್ಳುವುದೇ ವ್ಯರ್ಥ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಟಿಡಿಎಸ್ 500ಕ್ಕಿಂತ ಕಡಿಮೆಯಿರುವ ಕಡೆಗಳಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸಬೇಕೆಂದು ಸೂಚಿಸಿದ್ದು ಇದೇ ಕಾರಣಕ್ಕೆ.

ಕ್ಲೋರಿನ್ ಬಗ್ಗೆ ಭಯ ಬೇಡ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರ ಪ್ರಕಾರ ನಲ್ಲಿಯಲ್ಲಿ ಉಳಿದಿರಬೇಕಾದ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ. ಅಷ್ಟರಿಂದ ಟೊಮೆಟೊ ಗಿಡಕ್ಕೆ ಏನೂ ಆಗುವುದಿಲ್ಲ, ಮಣ್ಣನ್ನು ಮುಟ್ಟಿದೊಡನೆ ಅದು ಸಾವಯವ ಪದಾರ್ಥದೊಂದಿಗೆ ಸೇರಿ ಮುಗಿದುಹೋಗುತ್ತದೆ. ಮಳೆಗಾಲದಲ್ಲಿ ಬ್ಲೀಚಿಂಗ್ ಪೌಡರಿನ ವಾಸನೆ ಜೋರಾಗಿದ್ದರೆ ರಾತ್ರಿ ಬಕೆಟ್ಟಿನಲ್ಲಿ ತೆರೆದಿಟ್ಟು ಬೆಳಿಗ್ಗೆ ಹಾಕುತ್ತೇನೆ. ಅದೂ ಗಿಡಕ್ಕಾಗಿ ಅಲ್ಲ, ನನ್ನ ಸಮಾಧಾನಕ್ಕಾಗಿ.

ಆದರೆ ನಿಮ್ಮ 720 ಎಂಬ ಅಂಕಿ ನನ್ನ ಅನುಭವದ ಹೊರಗಿನದು. ಅದನ್ನು ಬಲ್ಲವರು ಹೇಳಲಿ.

ಉತ್ತರ: ಹಿಂಜವಡಿ ಹಸಿರು (ಪುಣೆ)

ನಾನು ಮೇಲಿನವರಿಗೆ ತದ್ವಿರುದ್ಧ. ನನ್ನ ಹನ್ನೆರಡು ಗಿಡಗಳೂ ಶುದ್ಧ ಕೊಕೊಪೀಟಿನಲ್ಲಿವೆ ಮತ್ತು ಎಲ್ಲಕ್ಕೂ ಆರ್‌ಒ ನೀರೇ. ಗೊಬ್ಬರವನ್ನು ನೀರಿನಲ್ಲಿ ಕರಗಿಸಿ ಕೊಡುವವರಿಗೆ ಖಾಲಿ ನೀರಿಗಿಂತ ಒಳ್ಳೆಯ ಆರಂಭವಿಲ್ಲ, ಏಕೆಂದರೆ ಅದರಲ್ಲಿ ಏನಿದೆಯೋ ಅದೆಲ್ಲವೂ ನಾವೇ ತೂಕ ಮಾಡಿ ಹಾಕಿದ್ದು. ಆದರೆ ಒಂದು ಮಾತು: ಹಾಗೆ ಕೊಡುವಾಗ ಕ್ಯಾಲ್ಸಿಯಂ ನೈಟ್ರೇಟ್, ಮೆಗ್ನೀಸಿಯಂ ಸಲ್ಫೇಟ್ ಎರಡನ್ನೂ ತಪ್ಪದೆ ಕೊಡಬೇಕು. ಬರಿಯ ಆರ್‌ಒ ನೀರು ಹಾಕಿ ಕೈಕಟ್ಟಿ ಕುಳಿತರೆ ನಿಮಗೆ ಆದದ್ದೇ ಆಗುತ್ತದೆ. ಮೊಟ್ಟೆ ಚಿಪ್ಪಿನ ಪುಡಿ ಹಾಕಿ ಎಂದು ಯಾರಾದರೂ ಹೇಳಿಯಾರು; ಅದು ಕರಗಿ ಬೇರಿಗೆ ಸಿಗುವಷ್ಟರಲ್ಲಿ ಈ ಬೆಳೆಯ ಕಾಲವೇ ಮುಗಿದಿರುತ್ತದೆ.

ಉತ್ತರ: ಕೋಥರೂಡ್ ನಿವೃತ್ತ (ಪುಣೆ)

ಸಹೋದರಿಯವರೇ, ನೀರಿನ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. ತಾವು ಬರೆದದ್ದರಲ್ಲಿ ಒಂದು ವಾಕ್ಯ ನನ್ನನ್ನು ತಡೆದು ನಿಲ್ಲಿಸಿತು. ಟಿಡಿಎಸ್ 720 ಇರುವ ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುತ್ತದೆ, ಬೇಳೆ ಮೂರು ಸೀಟಿಗೆ ಬೇಯುತ್ತದೆ ಎಂದಿರಿ. ಇವೆರಡೂ ಈ ಊರಿನಲ್ಲಿ ಒಟ್ಟಿಗೆ ಇರುವುದು ಅಪರೂಪ. ಪುಣೆಯ ನೆಲ ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ. ಆ ಬಂಡೆಯ ಬಿರುಕುಗಳಲ್ಲಿ ನಿಂತ ನೀರಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂಗಳ ಬೈಕಾರ್ಬೊನೇಟ್ ಸೇರಿರುತ್ತದೆ. ಅಂತಹ ನೀರಿನಲ್ಲಿ ಸೋಪು ಒಡೆದ ಹಾಲಿನಂತಾಗುತ್ತದೆ, ಬೇಳೆ ಕಲ್ಲಿನಂತೆ ಉಳಿಯುತ್ತದೆ, ಗೀಸರಿನ ಕಾಯಿಲ್ ಸುಣ್ಣ ಹಿಡಿಯುತ್ತದೆ. ತಮ್ಮಲ್ಲಿ ಲವಣ ಇದೆ, ಗಡಸುತನ ಇಲ್ಲ. ಹಾಗಾದರೆ ಆ ಲವಣ ಯಾವುದು?

ತಮ್ಮ ಸೊಸೈಟಿಯ ಪಂಪ್ ಕೋಣೆಗೆ ಒಮ್ಮೆ ಇಳಿದು, ಅಲ್ಲಿ ಉಪ್ಪಿನ ಚೀಲಗಳು ಒಟ್ಟಿವೆಯೇ ಎಂದು ದಯವಿಟ್ಟು ನೋಡಿ. ಇದ್ದರೆ ಅಲ್ಲಿ ವಾಟರ್ ಸಾಫ್ಟ್‌ನರ್ ಇದೆಯೆಂದು ಅರ್ಥ. ಪುಣೆಯ ಹೊರವಲಯದ ಅನೇಕ ಸೊಸೈಟಿಗಳಲ್ಲಿ ಇದು ಇದೆ. ಅದರ ಒಳಗಿನ ರಾಳದ ಮಣಿಗಳು ನೀರಿನಿಂದ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು, ಹಿಡಿದ ಪ್ರತಿಯೊಂದು ಕ್ಯಾಲ್ಸಿಯಂ ಅಯಾನಿಗೆ (ವಿದ್ಯುದಾವೇಶವುಳ್ಳ ಕಣಕ್ಕೆ) ಎರಡು ಸೋಡಿಯಂ ಅಯಾನುಗಳನ್ನು ನೀರಿಗೆ ಬಿಡುತ್ತವೆ. ಮಣಿಗಳು ದಣಿದಾಗ ಉಪ್ಪುನೀರಿನಲ್ಲಿ ತೊಳೆದು ಅವುಗಳಿಗೆ ಮತ್ತೆ ಸೋಡಿಯಂ ತುಂಬುತ್ತಾರೆ. ಕ್ಯಾಲ್ಸಿಯಂ ಅಯಾನಿನ ತೂಕ 40, ಎರಡು ಸೋಡಿಯಂ ಸೇರಿದರೆ 46. ಆದ್ದರಿಂದ ಸಾಫ್ಟ್‌ನರ್ ದಾಟಿದ ನೀರಿನ ಟಿಡಿಎಸ್ ಕಡಿಮೆಯಾಗುವುದಿಲ್ಲ, ಕೂದಲೆಳೆಯಷ್ಟು ಹೆಚ್ಚೇ ಆಗುತ್ತದೆ. ಮೀಟರಿಗೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು ಮಾತ್ರ, ಯಾವ ಲವಣ ಎಂಬುದನ್ನಲ್ಲ. ನಲ್ಲಿಗೆ, ಗೀಸರಿಗೆ, ಕೂದಲಿಗೆ ಅದು ಒಳ್ಳೆಯ ನೀರು. ಟೊಮೆಟೊಗೆ ಅಲ್ಲ.

ನೀರು ಮಣ್ಣಿನ ಮೇಲೆ ನಿಲ್ಲುತ್ತದೆ ಎಂದದ್ದು ನನಗೆ ಎರಡನೆಯ ಸಾಕ್ಷಿ. ಸೋಡಿಯಂ ಹೆಚ್ಚಾದಾಗ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚದುರಿ ರಂಧ್ರಗಳನ್ನು ಮುಚ್ಚುತ್ತವೆ. ಒಣಗಿದಾಗ ಮೇಲ್ಪದರ ಹಪ್ಪಳದಂತೆ ಗಟ್ಟಿಯಾಗುತ್ತದೆ. ಬೆರಳಿನಿಂದ ಎಬ್ಬಿಸಿದರೆ ಚಕ್ಕೆಯಾಗಿ ಎದ್ದೀತು, ನೋಡಿ. ಎಲೆಯ ಅಂಚು ಸುಡುವುದೂ ಲವಣದ ಗುರುತೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ನೀರಾವರಿ ನೀರಿನ ವಾಹಕತೆ ಮೀಟರಿಗೆ 1.7 ಡೆಸಿಸೀಮೆನ್ಸ್, ಅಂದರೆ ಲೀಟರಿಗೆ ಸುಮಾರು 1,100 ಮಿಲಿಗ್ರಾಂ ಲವಣ ಇರುವವರೆಗೆ ಟೊಮೆಟೊ ಇಳುವರಿ ಕುಗ್ಗುವುದಿಲ್ಲ. ಆ ಲೆಕ್ಕದಲ್ಲಿ 720 ದೊಡ್ಡ ಅಂಕಿಯೇನಲ್ಲ. ಆದರೆ ಅದು ನೀರು ಧಾರಾಳವಾಗಿ ಬಸಿದುಹೋಗುವ ಹೊಲದ ಲೆಕ್ಕ. ತಟ್ಟೆ ಒದ್ದೆಯಾಗದಂತೆ ಅಳೆದು ಅಳೆದು ನೀರು ಹಾಕುವ ಬಾಲ್ಕನಿಯ ಡಬ್ಬಿಯಲ್ಲಿ ನೀರು ಮಾತ್ರ ಆವಿಯಾಗುತ್ತದೆ, ಲವಣ ಅಲ್ಲಿಯೇ ಉಳಿದು ವಾರದಿಂದ ವಾರಕ್ಕೆ ಮಡುಗಟ್ಟುತ್ತದೆ.

ಇನ್ನು ಆರ್‌ಒ ಗಿಡಗಳ ವಿಚಾರ. ಹಿಂಜವಡಿಯವರು ಹೇಳಿದ್ದು ಸರಿ. ತೊಳೆಯದ ಕೊಕೊಪೀಟ್ ತನ್ನಲ್ಲಿರುವ ಪೊಟ್ಯಾಸಿಯಂ ಮತ್ತು ಸೋಡಿಯಂ ಬಿಟ್ಟುಕೊಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರಿನಲ್ಲಿಯೂ ಅವು ಇಲ್ಲದಿದ್ದರೆ ಗಿಡಕ್ಕೆ ಎಲ್ಲಿಂದ ಸಿಗಬೇಕು? ಹಳೆಯ ಎಲೆಗಳು ನರಗಳ ನಡುವೆ ಹಳದಿಯಾಗುವುದು ಮೆಗ್ನೀಸಿಯಂ ಕೊರತೆಯ ಲಕ್ಷಣ. ಕಾಯಿಯ ತಳ ಕಪ್ಪಾಗುವುದು ಕ್ಯಾಲ್ಸಿಯಂ ಆ ತುದಿಯವರೆಗೆ ತಲುಪದ್ದರಿಂದ. ಆದರೆ ತಲುಪದಿರಲು ಕ್ಯಾಲ್ಸಿಯಂ ಇಲ್ಲದಿರುವುದೊಂದೇ ಕಾರಣವಲ್ಲ. ಕ್ಯಾಲ್ಸಿಯಂ ನೀರಿನೊಂದಿಗೆ ಮಾತ್ರ ಮೇಲೇರುತ್ತದೆ, ಮತ್ತು ಎಲೆಗಳು ಎಳೆದುಕೊಂಡಷ್ಟು ಜೋರಾಗಿ ಕಾಯಿ ನೀರನ್ನು ಎಳೆದುಕೊಳ್ಳುವುದಿಲ್ಲ. ಒಂದೆರಡು ದಿನ ಬೇರು ಒಣಗಿದರೂ ಮೊದಲು ಬಡವಾಗುವುದು ಕಾಯಿಯ ತುದಿ. ತಮ್ಮ ನಲ್ಲಿಯ ನೀರಿನ ಗಿಡಗಳಲ್ಲಿಯೂ ಒಂದೆರಡು ಕಾಯಿಗಳು ಕಪ್ಪಾಗಿವೆಯಲ್ಲ? ನಾಲ್ಕೂ ಡಬ್ಬಿಗಳು ಎಂದಾದರೂ ಒಟ್ಟಿಗೆ ಒಣಗಿದ್ದವೇ?

ಮರುಪ್ರಶ್ನೆ: ವಾಘೋಲಿ ಬಾಲ್ಕನಿ (ಪುಣೆ)

ಸರ್, ತಮಗೆ ಅನಂತ ವಂದನೆಗಳು. ಇವತ್ತು ಬೆಳಿಗ್ಗೆ ಪಂಪ್ ಕೋಣೆಗೆ ಇಳಿದು ನೋಡಿದೆ. ಆಳೆತ್ತರದ ನೀಲಿ ಸಿಲಿಂಡರ್, ಅದರ ಪಕ್ಕದಲ್ಲಿ ಮುಚ್ಚಳವಿಲ್ಲದ ಡ್ರಮ್ಮು, ಡ್ರಮ್ಮಿನ ಅಂಚಿನಲ್ಲಿ ಹರಳುಗಟ್ಟಿದ ಉಪ್ಪು, ಗೋಡೆಗೆ ಒರಗಿಸಿದ ಹದಿನಾರು ಚೀಲಗಳು. ಒಂಬತ್ತು ವರ್ಷ ಈ ಕಟ್ಟಡದಲ್ಲಿದ್ದೂ ನಾನು ಅದನ್ನು ನೋಡಿರಲಿಲ್ಲ. ಕಾವಲುಗಾರ ಕಾಕಾ ಬೋರ್‌ವೆಲ್ಲಿನ ನೇರ ಪೈಪಿಗಿರುವ ಚಿಕ್ಕ ನಲ್ಲಿಯನ್ನು ತೋರಿಸಿದರು; ಆ ನೀರು ಮೀಟರಿನಲ್ಲಿ 690 ಬಂತು, ಮತ್ತು ಅದರಲ್ಲಿ ಕೈ ತೊಳೆದರೆ ಸೋಪು ನೊರೆಯೇ ಬರಲಿಲ್ಲ. ತಾವು ಹೇಳಿದಂತೆಯೇ.

ಮಣ್ಣಿನ ಮೇಲ್ಪದರ ಚಕ್ಕೆಯಾಗಿಯೇ ಎದ್ದಿತು. ಒಣಗಿದ್ದರ ಬಗ್ಗೆಯೂ ತಾವು ಕೇಳಿದ್ದು ಸರಿ: ಸಂಕ್ರಾಂತಿಗೆ ನಾಲ್ಕು ದಿನ ಧಾರವಾಡಕ್ಕೆ ಹೋಗಿದ್ದೆವು, ಬಂದಾಗ ಗಿಡಗಳು ತಲೆ ಬಾಗಿಸಿ ನಿಂತಿದ್ದವು. ಆಗ ಕಾಯಿಗಳು ಲಿಂಬೆಗಾತ್ರ ಇದ್ದವು. ಕಪ್ಪು ಕಲೆ ಕಂಡದ್ದು ಅದಾದ ಹತ್ತು ದಿನಗಳಲ್ಲಿ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನೀರು ಪೋಲಾಗಬಾರದೆಂದು ಕಳೆದ ಒಂದು ತಿಂಗಳಿನಿಂದ ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೇ ಬಕೆಟ್ಟಿನಲ್ಲಿ ಹಿಡಿದು, ನಲ್ಲಿಯ ನೀರಿನ ಬದಲು ಆ ಎರಡು ಗಿಡಗಳಿಗೆ ಹಾಕುತ್ತಿದ್ದೆ. ನಲ್ಲಿಯ ನೀರಿಗಿಂತ ಅದು ಹೆಚ್ಚು ಕೆಟ್ಟದ್ದೇ? ಈಗ ಏನು ಮಾಡಲಿ?

ಉತ್ತರ: ಫೋಂಡಾ ಹಿತ್ತಲು (ಗೋವಾ)

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ಆರ್‌ಒ ನೀರು ಸತ್ತ ನೀರು, ಗಿಡಕ್ಕೆ ಆಗದು ಎಂಬ ಮಾತು ನಮ್ಮ ಕಡೆಯೂ ಹಬ್ಬಿದೆ. ಹಾಗಿದ್ದರೆ ಮಳೆನೀರೂ ಸತ್ತದ್ದೇ ಆಗಬೇಕು, ಏಕೆಂದರೆ ಅದರಲ್ಲಿಯೂ ಲವಣ ಇಲ್ಲವೆನ್ನುವಷ್ಟು ಕಡಿಮೆ. ಗಿಡಕ್ಕೆ ಆಹಾರ ಕೊಡಬೇಕಾದದ್ದು ಮಣ್ಣು. ನೀರು ಕೊಟ್ಟರೆ ಅದು ಹೆಚ್ಚುವರಿ ಮಾತ್ರ. ಇಲ್ಲಿ ಖಾಂಡೇಪಾರ್ ನದಿಯಿಂದ ಓಪಾ ಘಟಕದ ಮೂಲಕ ಬರುವ ನಲ್ಲಿಯ ನೀರು ಮೆದುವಾದದ್ದು, ನಮ್ಮ ಬಾವಿಯ ನೀರೂ ಹಾಗೆಯೇ. ಮಣ್ಣು ಜಂಬಿಟ್ಟಿಗೆಯ ಮಣ್ಣು, ಹುಳಿ. ಆದ್ದರಿಂದ ನಾವು ನಾಟಿ ಮಾಡುವ ಮೊದಲೇ ಮಣ್ಣಿಗೆ ಸುಣ್ಣ ಹಾಕುತ್ತೇವೆ, ಆಮೇಲೆ ನೀರಿನ ಚಿಂತೆ ಮಾಡುವುದಿಲ್ಲ. ಇಲ್ಲಿ ಟೊಮೆಟೊಗೆ ನಿಜವಾದ ಶತ್ರು ಬ್ಯಾಕ್ಟೀರಿಯಾದ ಸೊರಗು ರೋಗ. ಅದಕ್ಕೆ ಯಾವ ಫಿಲ್ಟರೂ ಮದ್ದಲ್ಲ. ಆದರೆ ನೀವು ಈ ಸುಣ್ಣದ ಉಪಾಯವನ್ನು ಅನುಸರಿಸಬೇಡಿ ಅಕ್ಕಾ, ನಿಮ್ಮ ನೀರೇ ಕ್ಷಾರದ್ದು.

ಉತ್ತರ: ಕೋಥರೂಡ್ ನಿವೃತ್ತ (ಪುಣೆ)

ಫೋಂಡಾದವರ ಮಾತು ಸರಿಯಾಗಿದೆ, ಕೊನೆಯ ಎಚ್ಚರಿಕೆಯೂ ಸಹ.

ಹೊರಹೋಗುವ ನೀರಿನ ಲೆಕ್ಕವನ್ನು ತಾವೇ ಮಾಡಬಹುದು. ನಾಲ್ಕು ಲೀಟರ್ ನೀರು ಯಂತ್ರದ ಒಳಗೆ ಹೋಗುತ್ತದೆ. ಲೀಟರಿಗೆ 720ರಂತೆ ಒಟ್ಟು 2,880 ಮಿಲಿಗ್ರಾಂ ಲವಣ. ಒಂದು ಲೀಟರ್ ಶುದ್ಧ ನೀರು 45 ಮಿಲಿಗ್ರಾಂ ಹೊತ್ತುಕೊಂಡು ಬಂದರೆ, ಉಳಿದ 2,835 ಮಿಲಿಗ್ರಾಂ ಮೂರು ಲೀಟರಿನಲ್ಲಿ ಹಂಚಿಕೆಯಾಗಬೇಕು. ಅಂದರೆ ಲೀಟರಿಗೆ 945. ಅದೂ ಬಹುಪಾಲು ಸೋಡಿಯಂ ಲವಣ. ಆ ನೀರಿನಿಂದ ನೆಲ ಒರೆಸಿ, ಶೌಚಾಲಯಕ್ಕೆ ಬಳಸಿ, ಕುಂಡಕ್ಕೆ ಬೇಡ. ಮುಲುಂಡಿನವರ ಮನೆಯಲ್ಲಿ ಇಂತಹ ಯಂತ್ರವಿದ್ದಿದ್ದರೆ ಅದರ ಹೊರನೀರು ಇನ್ನೂರನ್ನೂ ಮುಟ್ಟುತ್ತಿರಲಿಲ್ಲ, ಅವರು ಧಾರಾಳವಾಗಿ ಗಿಡಕ್ಕೆ ಹಾಕಬಹುದಿತ್ತು. ಒಂದೇ ಉಪಾಯ ಒಂದು ಊರಿನಲ್ಲಿ ಉಳಿತಾಯ, ಇನ್ನೊಂದು ಊರಿನಲ್ಲಿ ವಿಷವಾಗುವುದು ಹೀಗೆ.

ಈಗ ಮಾಡಬೇಕಾದದ್ದು. ಸೋಡಿಯಂ ಕುಡಿದ ಎರಡು ಡಬ್ಬಿಗಳ ಮೇಲ್ಪದರವನ್ನು ಬೇರಿಗೆ ಪೆಟ್ಟಾಗದಂತೆ ಕೈಯಿಂದ ಸಡಿಲಿಸಿ, ಪ್ರತಿಯೊಂದಕ್ಕೂ ಎರಡು ಚಮಚ ಜಿಪ್ಸಮ್ (ಕ್ಯಾಲ್ಸಿಯಂ ಸಲ್ಫೇಟ್) ಪುಡಿ ಉದುರಿಸಿ. ಜಿಪ್ಸಮ್ಮಿನ ಕ್ಯಾಲ್ಸಿಯಂ ಮಣ್ಣಿನಲ್ಲಿ ಸೋಡಿಯಂನ ಜಾಗವನ್ನು ಹಿಡಿಯುತ್ತದೆ, ಬಿಡುಗಡೆಯಾದ ಸೋಡಿಯಂ ಅನ್ನು ಹೊರಗೆ ಕಳುಹಿಸಲು ನೀರು ಬೇಕು. ಮರುದಿನ ಆರ್‌ಒ ನೀರನ್ನು ಅರ್ಧರ್ಧ ಗಂಟೆಗೊಮ್ಮೆ ಎರಡೆರಡು ಲೀಟರಿನಂತೆ, ತಳದಿಂದ ಹೊರಬರುವ ನೀರಿನ ಟಿಡಿಎಸ್ ಇಳಿಯುವುದು ಮೀಟರಿನಲ್ಲಿ ಕಾಣುವವರೆಗೂ ಹಾಕಿ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಡಬ್ಬಿ ಅದನ್ನು ಮತ್ತೆ ಹೀರದಿರಲಿ. ಆರ್‌ಒ ನೀರು ನಿಜವಾಗಿ ಸಾರ್ಥಕವಾಗುವುದು ಈ ಒಂದು ಕೆಲಸದಲ್ಲಿ.

ಆರ್‌ಒ ಗಿಡಗಳಿಗೆ ವಾರಕ್ಕೊಮ್ಮೆ ಲೀಟರಿಗೆ 1 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಕೊಡಿ. ಮೂರು ದಿನ ಬಿಟ್ಟು ಲೀಟರಿಗೆ 2 ಗ್ರಾಂ ಎಪ್ಸಮ್ ಸಾಲ್ಟ್, ಅಂದರೆ ಮೆಗ್ನೀಸಿಯಂ ಸಲ್ಫೇಟ್. ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಗಟ್ಟಿಯಾಗಿ ಕಲಸಬೇಡಿ, ಜಿಪ್ಸಮ್ ಆಗಿ ತಳಕ್ಕೆ ಕೂರುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಅದು ಮಣ್ಣಿನಲ್ಲಿ ಅಮೋನಿಯಂ ಆಗುತ್ತದೆ, ಅಮೋನಿಯಂ ಹೆಚ್ಚಾದರೆ ಕ್ಯಾಲ್ಸಿಯಂ ಹೀರಿಕೆ ಇನ್ನೂ ಕುಗ್ಗುತ್ತದೆ. ಕಪ್ಪಾದ ಕಾಯಿಗಳು ಸರಿಹೋಗುವುದಿಲ್ಲ, ಕಿತ್ತುಬಿಡಿ.

ಮುಂದಿನ ದಿನಗಳಿಗೆ ಕಾವಲುಗಾರರು ತೋರಿಸಿದ ಆ ಚಿಕ್ಕ ನಲ್ಲಿಯೇ ತಮ್ಮ ಉತ್ತರ. ಸಾಫ್ಟ್‌ನರ್ ಮುಟ್ಟದ 690ರ ಗಡಸು ನೀರಿನಲ್ಲಿ ಟೊಮೆಟೊಗೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಇವೆ. ಅದರ ಬೈಕಾರ್ಬೊನೇಟ್ ಕಾಲಕ್ರಮೇಣ ಮಣ್ಣನ್ನು ಕ್ಷಾರಗೊಳಿಸುವುದರಿಂದ ಅರ್ಧ ಆ ನೀರು, ಅರ್ಧ ಆರ್‌ಒ ನೀರು ಬೆರೆಸಿದರೆ ಟಿಡಿಎಸ್ 370ರ ಆಸುಪಾಸಿಗೆ ಬರುತ್ತದೆ. ಬೇಳೆ ಬೇಯಿಸಲು ಆಗದ ನೀರು, ಟೊಮೆಟೊಗೆ ಮಾತ್ರ ಆದೀತು! ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ, ತಳದಿಂದ ಸ್ವಲ್ಪ ಬಸಿಯುವಷ್ಟು ಹಾಕಿ, ಮಣ್ಣಿನ ಮೇಲೆ ಒಣ ಎಲೆಗಳ ಮುಚ್ಚಿಗೆ ಹಾಕಿ.

ಮರುಬರಹ: ವಾಘೋಲಿ ಬಾಲ್ಕನಿ (ಪುಣೆ)

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ತೊಳೆಯುವಾಗ ಮೊದಲ ಸಲ ಡಬ್ಬಿಯ ತಳದಿಂದ ಬಂದ ನೀರು ಚಹದ ಬಣ್ಣದ್ದಾಗಿತ್ತು. ಮೀಟರ್ 2,300 ತೋರಿಸಿದಾಗ ಅದು ಕೆಟ್ಟಿದೆಯೆಂದು ಭಾವಿಸಿ ಕುಡಿಯುವ ನೀರಿನಲ್ಲಿ ಅದ್ದಿ ಪರೀಕ್ಷಿಸಿದೆ. ಕೆಟ್ಟಿರಲಿಲ್ಲ. ಎಂಟನೆಯ ಸಲಕ್ಕೆ 600ಕ್ಕೆ ಇಳಿಯಿತು. ಆ ಎರಡರಲ್ಲಿ ಒಂದು ಗಿಡ ಚೇತರಿಸಿಕೊಂಡು ಸುಡದ ಅಂಚಿನ ಹೊಸ ಎಲೆಗಳನ್ನು ಬಿಟ್ಟಿದೆ; ಇನ್ನೊಂದನ್ನು ಕಿತ್ತು ಹಾಕಿದೆ, ಬೇರು ಕಂದಾಗಿ ಹೋಗಿತ್ತು. ಆರ್‌ಒ ಗಿಡಗಳ ಹಳದಿ ಎಲೆಗಳು ಹಸಿರಾಗಲಿಲ್ಲ, ಆದರೆ ಹಳದಿ ಮೇಲಕ್ಕೆ ಏರುವುದು ನಿಂತಿದೆ, ಮತ್ತು ಹೊಸದಾಗಿ ಕಚ್ಚಿದ ಹನ್ನೊಂದು ಕಾಯಿಗಳಲ್ಲಿ ಒಂದರ ತಳವೂ ಕಪ್ಪಾಗಿಲ್ಲ.

ಭಾನುವಾರ ಬೆಳಿಗ್ಗೆ ಕಾವಲುಗಾರ ಕಾಕಾ ಆ ಚಿಕ್ಕ ನಲ್ಲಿಯಿಂದ ಎರಡು ಕ್ಯಾನ್ ತುಂಬಿಸಿ ಲಿಫ್ಟಿನಲ್ಲಿ ಇಟ್ಟು ಕಳುಹಿಸುತ್ತಾರೆ. ಕೆಳಗೆ ಅವರ ಕೋಣೆಯ ಹಿಂದೆ ಮೂರು ಟೊಮೆಟೊ ಗಿಡಗಳಿವೆ. ನಾನು ಈಚೆಗೆ ನೋಡಿದೆ, ಕೆಂಪಗೆ ಗೊಂಚಲು ಬಿಟ್ಟಿವೆ. ಅವರು ಮೊದಲಿನಿಂದಲೂ ಅದೇ ನಲ್ಲಿಯ ನೀರನ್ನೇ ಹಾಕುತ್ತಿದ್ದರಂತೆ.